ಎಕ್ಸ್ ಸೊನ್ನೆ: ಎಲ್ಲಿಂದ, ಯಾವ ಅಳತೆಯಲ್ಲಿ?

ಪ್ರಶ್ನೆ: ಐಟಿಐ ಮುಗಿಸಿ ಪೀಣ್ಯದ ಒಂದು ಜಾಬ್‌ವರ್ಕ್ ಶಾಪಿನಲ್ಲಿ ಆರು ತಿಂಗಳಿಂದ ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷೀನ್) ನಡೆಸುತ್ತಿದ್ದೇನೆ. ಅದರ ಕಂಪ್ಯೂಟರ್, ಅಂದರೆ ಕಂಟ್ರೋಲ್, ಫ್ಯಾನುಕ್ ಕಂಪನಿಯದು. ಸ್ಪಿಂಡಲ್ (ಟೂಲು ಹಿಡಿದು ತಿರುಗುವ ಭಾಗ) ಜಾಬಿನ, ಅಂದರೆ ಕೊರೆಯಬೇಕಾದ ಪೀಸಿನ, ಮೂಲೆಯ ಮೇಲೆ ನಿಂತಾಗ ಪರದೆಯ ಒಂದು ಕಡೆ ಎಕ್ಸ್ 0 ಅಂತ ಇರುತ್ತದೆ, ಇನ್ನೊಂದು ಕಡೆ ಎಕ್ಸ್ ಮೈನಸ್ 407.350. ಯಾವುದನ್ನು ನಂಬಬೇಕು? ಇನ್ನೊಂದು ವಿಷಯ. ಹೋದ ವಾರ ಇಂಚಿನ ಡ್ರಾಯಿಂಗ್ ಬಂದಿತ್ತು. ಸೀನಿಯರ್ ಜಿ20 (ಇಂಚಿನ ಆದೇಶ) ಹಾಕಿ, ಟೂಲುಗಳನ್ನು ಹೊಸದಾಗಿ ಟಚ್ ಮಾಡಿ (ಮುಟ್ಟಿಸಿ ಉದ್ದ ಅಳೆದು), ಜಾಬ್ ಮುಗಿಸಿದರು. ಮಾರನೇ ದಿನ ನನ್ನ ಮಿಲಿಮೀಟರ್ ಪ್ರೋಗ್ರಾಮ್ ಹಾಕಿದೆ. ಟೂಲು ಇನ್ನೇನು ಜಾಬ್ ಕಚ್ಚಿ ಹಿಡಿಯುವ ವೈಸಿಗೆ ಬಡಿಯುವುದರಲ್ಲಿತ್ತು, ಎಮರ್ಜೆನ್ಸಿ ಒತ್ತಿ ನಿಲ್ಲಿಸಿದೆ. ನನ್ನ ಪ್ರೋಗ್ರಾಮಿನಲ್ಲಿ ಜಿ21 (ಮಿಲಿಮೀಟರಿನ ಆದೇಶ) ಇತ್ತು. ಆದರೂ ಹೀಗೇಕಾಯಿತು? ದಯವಿಟ್ಟು ಬುಡದಿಂದ ಹೇಳಿಕೊಡಿ ಸರ್.

ಉತ್ತರ: ಎಮರ್ಜೆನ್ಸಿ ಒತ್ತಿದ ನಿಮ್ಮ ಕೈಗೆ ಮೊದಲು ಶಾಬಾಸ್. ರ್‍ಯಾಪಿಡ್ (ಕೊರೆಯದೆ ಬರೀ ಜಾಗ ಬದಲಿಸುವ ವೇಗ) ನಿಮಿಷಕ್ಕೆ 24 ಮೀಟರ್ ಅಂದುಕೊಳ್ಳಿ. ಅಂದರೆ ಸೆಕೆಂಡಿಗೆ 400 ಮಿ.ಮೀ. ಅಷ್ಟು ವೇಗದಲ್ಲಿ ಹೋಗುವ ಟೂಲನ್ನು ನಿಲ್ಲಿಸಬೇಕಾದರೆ ಕಣ್ಣು ಟೂಲಿನ ಮೇಲೇ ಇರಬೇಕು, ಬೆರಳು ಬಟನ್ ಮೇಲೇ ಇರಬೇಕು. ಎರಡೂ ನಿಮ್ಮಲ್ಲಿದ್ದವು.

ಈಗ ಮೊದಲ ಪ್ರಶ್ನೆ. 0 ಕೂಡ ನಿಜ, ಮೈನಸ್ 407.350 ಕೂಡ ನಿಜ. ಒಂದೇ ಜಾಗವನ್ನು ಎರಡು ಬೇರೆ ಕಡೆಯಿಂದ ಅಳೆದಿದೆ, ಅಷ್ಟೇ.

ಊರಲ್ಲಿ ಜಮೀನು ಅಳೆಯಲು ಸರ್ವೆಯವರು ಬಂದಾಗ ನೋಡಿದ್ದೀರಾ? ಬಂದ ತಕ್ಷಣ ಚೈನು ಬಿಚ್ಚುವುದಿಲ್ಲ. ಮೊದಲು ಬಾಂದು ಕಲ್ಲು ಹುಡುಕುತ್ತಾರೆ. ಕಲ್ಲು ಸಿಗದಿದ್ದರೆ ಎಷ್ಟು ಸರಿಯಾಗಿ ಅಳೆದರೂ ಆ ಅಳತೆಗೆ ಬೆಲೆ ಇಲ್ಲ. ಮಷೀನಿನಲ್ಲಿ ಆ ಬಾಂದು ಕಲ್ಲೇ ಮಷೀನ್ ಝೀರೋ. ಮಷೀನ್ ಮಾಡಿದವರು ನಿಗದಿ ಮಾಡಿದ ಜಾಗ ಅದು. ನೀವು ಯಾವ ಜಾಬ್ ಕಟ್ಟಿದರೂ ಅದು ಕದಲುವುದಿಲ್ಲ. ಬಹಳಷ್ಟು ವಿಎಂಸಿಗಳಲ್ಲಿ ಅದು ಮೂರೂ ಆಕ್ಸಿಸ್‌ಗಳ ಪ್ಲಸ್ ತುದಿಯಲ್ಲಿರುತ್ತದೆ. ಆದ್ದರಿಂದಲೇ ಮಷೀನ್ ಪೊಸಿಷನ್ನಿನಲ್ಲಿ ಯಾವಾಗಲೂ ಮೈನಸ್ ಅಂಕಿಗಳು ಕಾಣುತ್ತವೆ. ಹಳೆಯ ಮಷೀನುಗಳಲ್ಲಿ ಕರೆಂಟ್ ಹೋಗಿ ಬಂದರೆ ಹೋಮ್ ಮಾಡಲೇಬೇಕು, ಅಂದರೆ ಮೂರೂ ಆಕ್ಸಿಸ್‌ಗಳನ್ನು ಮಷೀನ್ ಝೀರೋಗೆ ಕಳಿಸಲೇಬೇಕು. ಅಬ್ಸೊಲ್ಯೂಟ್ ಎನ್‌ಕೋಡರ್ (ಸ್ಥಾನವನ್ನು ಸದಾ ತಿಳಿದಿರುವ ಸೆನ್ಸರ್) ಇರುವ ಮಷೀನಿನಲ್ಲಿ ಆ ಜಾಗದ ನೆನಪನ್ನು ಒಂದು ಚಿಕ್ಕ ಬ್ಯಾಟರಿ ಕಾಯುತ್ತದೆ. ಬ್ಯಾಟರಿ ಅಲಾರಂ ಬಂದರೆ ನಾಳೆ ನೋಡೋಣ ಅನ್ನಬೇಡಿ. ಬ್ಯಾಟರಿ ಸತ್ತರೆ ಬಾಂದು ಕಲ್ಲೇ ಕಳೆದುಹೋದಂತೆ.

ಆದರೆ ಡ್ರಾಯಿಂಗ್ ಬರೆದವರಿಗೆ ನಿಮ್ಮ ಮಷೀನ್ ಝೀರೋ ಗೊತ್ತಿಲ್ಲ. ಅವರು ಜಾಬಿನ ಒಂದು ಮೂಲೆಯಿಂದಲೋ ಬೋರಿನ ಸೆಂಟರಿನಿಂದಲೋ ಅಳತೆ ಕೊಟ್ಟಿರುತ್ತಾರೆ. ಹಾಗಾಗಿ ನೀವು ಆ ಜಾಗದಲ್ಲಿ ನಿಮ್ಮದೇ ಒಂದು ಗೂಟ ಹೊಡೆಯುತ್ತೀರಿ. ಆ ಗೂಟವೇ ಜಿ54. ಬಾಂದು ಕಲ್ಲಿನಿಂದ ಗೂಟ ಎಷ್ಟು ದೂರ ಅನ್ನುವುದೇ ಆಫ್‌ಸೆಟ್ ಪುಟದಲ್ಲಿರುವ ಮೈನಸ್ 407.350. ಜಿ54ರಿಂದ ಜಿ59ರವರೆಗೆ ಇಂಥ ಆರು ಗೂಟ ಹೊಡೆಯಬಹುದು. ಟೇಬಲ್ ಮೇಲೆ ಎರಡು ವೈಸ್ ಇದ್ದರೆ ಒಂದಕ್ಕೆ ಜಿ54, ಇನ್ನೊಂದಕ್ಕೆ ಜಿ55. ಪ್ರೋಗ್ರಾಮ್ ಒಂದೇ.

ಯಾವ ಅಂಕಿ ಕಂಡರೂ ಎರಡು ಪ್ರಶ್ನೆ ಕೇಳಿ. ಇದು ಎಲ್ಲಿಂದ? ಇದು ಯಾವ ಅಳತೆಯಲ್ಲಿ? ಎಕ್ಸ್ 50 ಅಂದರೆ ಸುಮ್ನೆ ಐವತ್ತು. ಎಲ್ಲಿಂದ ಐವತ್ತು, ಮಿಲಿಮೀಟರೋ ಇಂಚೋ ಮೈಕ್ರಾನೋ ಅಂತ ಆ ಅಂಕಿ ಹೇಳುವುದಿಲ್ಲ. ಅದನ್ನು ನಿಮ್ಮ ಪ್ರೋಗ್ರಾಮ್ ಹೇಳಬೇಕು. ಪ್ರೋಗ್ರಾಮ್ ಹೇಳದಿದ್ದರೆ, ಹಿಂದಿನ ಶಿಫ್ಟಿನವರು ಮಷೀನನ್ನು ಯಾವ ಸ್ಥಿತಿಯಲ್ಲಿ ಬಿಟ್ಟುಹೋದರೋ ಅದೇ ನಿಮ್ಮ ಜಾಬಿಗೂ ಅಂಟಿಕೊಳ್ಳುತ್ತದೆ. ನಾನು ನೋಡಿದ ಕ್ರ್ಯಾಶ್‌ಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಬಂದಿವೆ. ಕಲಿಯದವರಿಂದಲ್ಲ, ನಿನ್ನೆಯ ಸ್ಥಿತಿಯನ್ನು ಇವತ್ತೂ ನಂಬಿದವರಿಂದ.

ಗೂಟ ಹೊಡೆಯುವುದನ್ನು ಹತ್ತಿರದಿಂದ ನೋಡೋಣ. 10 ಮಿ.ಮೀ. ವ್ಯಾಸದ ಎಡ್ಜ್ ಫೈಂಡರ್ (ಅಂಚು ಹುಡುಕುವ ಕಡ್ಡಿ) ಹಾಕಿದ್ದೀರಿ. ಸ್ಪಿಂಡಲ್ ನಿಧಾನವಾಗಿ ತಿರುಗುತ್ತಿದೆ. ಜಾಬಿನ ಎಡ ಅಂಚಿಗೆ ಹ್ಯಾಂಡ್‌ವೀಲಿನಲ್ಲಿ ಹತ್ತಿರ ತರುತ್ತೀರಿ. ತುದಿ ಮೊದಲು ಓಲಾಡುತ್ತಿರುತ್ತದೆ. ಅಂಚು ತಾಗುತ್ತಾ ಬಂದಂತೆ ಓಲಾಟ ಕಡಿಮೆಯಾಗುತ್ತದೆ. ಒಂದು ಕ್ಷಣ ನೆಟ್ಟಗೆ ನಿಲ್ಲುತ್ತದೆ. ಇನ್ನೊಂದು ಕ್ಲಿಕ್ ಕೊಟ್ಟರೆ ಪಟ್ಟನೆ ಪಕ್ಕಕ್ಕೆ ಜಾರುತ್ತದೆ. ಅಲ್ಲಿ ನಿಲ್ಲಿಸಿ. ಮಷೀನ್ ಪೊಸಿಷನ್ ಎಕ್ಸ್ ಮೈನಸ್ 412.350 ತೋರಿಸುತ್ತಿದೆ ಅಂದುಕೊಳ್ಳಿ. ಇದು ಜಾಬಿನ ಅಂಚಲ್ಲ, ಸ್ಪಿಂಡಲ್ ಸೆಂಟರ್. ಅಂಚು ಅದರಿಂದ 5 ಮಿ.ಮೀ. ಬಲಕ್ಕಿದೆ. ಅಂದರೆ ಮೈನಸ್ 407.350. ನಿಮ್ಮ ಪರದೆಯ ಅಂಕಿ ಹೀಗೇ ಹುಟ್ಟಿದ್ದು.

ಕೂಡಿ ಕಳೆಯುವ ಕೆಲಸವನ್ನು ಕಂಟ್ರೋಲೇ ಮಾಡುತ್ತದೆ. ಜಿ54ರ ಎಕ್ಸ್ ಮೇಲೆ ಕರ್ಸರ್ ಇಟ್ಟು ‘ಎಕ್ಸ್-5.’ ಟೈಪ್ ಮಾಡಿ ಮೆಷರ್ ಒತ್ತಬೇಕು. ಮೈನಸ್ ಯಾಕೆ? ಅಂಚು ಸೊನ್ನೆಯಾದರೆ, ಅದರ ಎಡಕ್ಕಿರುವ ಸ್ಪಿಂಡಲ್ ಈಗ ಮೈನಸ್ 5ರಲ್ಲಿ ನಿಂತಿದೆ. ನೀವು ಟೈಪ್ ಮಾಡುತ್ತಿರುವುದು ‘ಸ್ಪಿಂಡಲ್ ಈಗ ಎಲ್ಲಿದೆ’ ಅನ್ನುವ ಉತ್ತರವನ್ನು. ಇಲ್ಲಿ ಪ್ಲಸ್ ಹಾಕಿದರೆ ಇಡೀ ಜಾಬ್ 10 ಮಿ.ಮೀ. ಸರಿದುಬಿಡುತ್ತದೆ. ಹೊಸಬರು ಮಾಡುವ ತಪ್ಪುಗಳಲ್ಲಿ ಇದಕ್ಕೇ ಮೊದಲ ಜಾಗ.

ಗೂಟ ಎಲ್ಲಿ ಹೊಡೆಯಬೇಕು ಅನ್ನುವುದರಲ್ಲೂ ವಿಚಾರ ಇದೆ. ವೈಸಿನಲ್ಲಿ ಕಟ್ಟುವ ಜಾಬಿಗೆ ವೈ ಸೊನ್ನೆಯನ್ನು ಫಿಕ್ಸೆಡ್ ಜಾ (ವೈಸಿನ ಕದಲದ ದವಡೆ) ಕಡೆಗೇ ಇಡಿ, ಎಕ್ಸ್ ಸೊನ್ನೆಯನ್ನು ಸ್ಟಾಪರ್ ಕಡೆಗೆ. ಕಚ್ಚಾ ಮಾಲು ಅರ್ಧ ಮಿಲಿಮೀಟರ್ ಹೆಚ್ಚು ಕಡಿಮೆ ಬಂದರೆ ಮೂವಿಂಗ್ ಜಾ ಕಡೆಯ ಅಂಚು ಸರಿಯುತ್ತದೆ. ಫಿಕ್ಸೆಡ್ ಜಾ ಕಡೆಯದು ಸರಿಯುವುದಿಲ್ಲ. ಝಡ್ ವಿಷಯದಲ್ಲಿ, ಬೆಳಗಾವಿ ಫೌಂಡ್ರಿಗಳಿಂದ ಬರುವಂಥ ಕಾಸ್ಟಿಂಗ್ ಆದರೆ ಮೇಲ್ಮೈಯನ್ನು ಸೊನ್ನೆ ಮಾಡಬೇಡಿ ಅಂತ ನನ್ನ ಸಲಹೆ. ಒಂದೊಂದು ಪೀಸ್ ಒಂದೊಂದು ಎತ್ತರ ಇರುತ್ತದೆ. ಫಿಕ್ಸ್ಚರಿನ ರೆಸ್ಟಿಂಗ್ ಫೇಸ್ (ಜಾಬ್ ಕೂರುವ ಮೇಲ್ಮೈ) ಅಥವಾ ವೈಸಿನಲ್ಲಿ ಜಾಬಿನ ಕೆಳಗಿಡುವ ಪ್ಯಾರಲಲ್‌ನ ಮೇಲ್ಮೈ ಹಿಡಿಯಿರಿ. ಆಗ ಝಡ್ ಅಂಕಿಗಳೆಲ್ಲ ಪ್ಲಸ್ ಆಗುತ್ತವೆ. ಸೊನ್ನೆಗಿಂತ ಕೆಳಗೆ ಹೋಗುವ ಅಂಕಿ ಕಂಡರೆ ಅದು ಥ್ರೂ ಹೋಲ್ ಇರಬೇಕು, ಇಲ್ಲದಿದ್ದರೆ ತಪ್ಪು. ಪ್ರೋಗ್ರಾಮ್ ಓದುವಾಗಲೇ ಕಣ್ಣಿಗೆ ಬೀಳುತ್ತದೆ.

ಆಫ್‌ಸೆಟ್ ಪುಟದಲ್ಲಿ ಜಿ54ಕ್ಕಿಂತ ಮೊದಲು 00 ಅಂತ ಒಂದು ಜಾಗ ಇದೆ, ಇಎಕ್ಸ್‌ಟಿ ಅಂತಲೂ ಬರೆದಿರುತ್ತದೆ. ಅಲ್ಲಿ ಹಾಕಿದ ಅಂಕಿ ಆರೂ ಗೂಟಗಳಿಗೆ ಒಟ್ಟಿಗೆ ಸೇರುತ್ತದೆ. ಇದನ್ನು ನಾನು ಮರೆಯುವ ಹಾಗೇ ಇಲ್ಲ. ನಾನು ಸೆಟ್ಟರ್ ಆಗಿದ್ದ ಕಾಲದಲ್ಲಿ ರಾತ್ರಿ ಶಿಫ್ಟಿನವರು ಗಾಳಿಯಲ್ಲಿ ಓಡಿಸಿ ನೋಡಲು ಅಲ್ಲಿ ಝಡ್ 100 ಹಾಕಿ ಹಾಗೇ ಬಿಟ್ಟಿದ್ದರು. ಬೆಳಿಗ್ಗೆ ಬಂದ ಹುಡುಗ ಟೂಲು 100 ಮಿ.ಮೀ. ಮೇಲೇ ನಿಲ್ಲುವುದನ್ನು ಕಂಡ. 00 ನೋಡಲಿಲ್ಲ. ಜಿ54ರ ಝಡ್‌ನಲ್ಲೇ 100 ಕಳೆದು ಜಾಬ್ ಓಡಿಸಿದ. ಎಲ್ಲ ಸರಿ ಹೋಯಿತು. ರಾತ್ರಿಯವರು ಮತ್ತೆ ಬಂದರು, ತಾವು ಹಾಕಿದ್ದ 100 ನೆನಪಾಗಿ ಅಳಿಸಿದರು, ಸ್ಟಾರ್ಟ್ ಒತ್ತಿದರು. ಫೇಸ್‌ಮಿಲ್ ನೇರ ವೈಸಿನೊಳಗೆ ಇಳಿಯಿತು. ಇಬ್ಬರೂ ಕೆಲಸ ಬಲ್ಲವರೇ. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಇವತ್ತಿಗೂ ನಾನು ಯಾವ ಮಷೀನಿನ ಮುಂದೆ ನಿಂತರೂ ಮೊದಲು ನೋಡುವುದು ಆ 00 ಜಾಗವನ್ನೇ.

ಇದೇ ಕಾರಣಕ್ಕೆ ಮಿಲ್ಲಿಂಗಿನಲ್ಲಿ ಜಿ92 ಬಳಸಬೇಡಿ ಅನ್ನುತ್ತೇನೆ. ಅದು ಸ್ಪಿಂಡಲ್ ಆಗ ನಿಂತಿರುವ ಜಾಗಕ್ಕೆ ತಕ್ಕಂತೆ ಎಲ್ಲ ಗೂಟಗಳನ್ನೂ ಸರಿಸಿಬಿಡುತ್ತದೆ. ಸ್ಪಿಂಡಲ್ ಬೇರೆ ಕಡೆ ಇದ್ದಾಗ ಅದೇ ಪ್ರೋಗ್ರಾಮ್ ಮತ್ತೆ ಓಡಿದರೆ ಸೊನ್ನೆಯೂ ಬೇರೆ ಕಡೆ ಹೋಗುತ್ತದೆ.

ಎಲ್ಲಿಂದ ಅನ್ನುವ ಪ್ರಶ್ನೆಗೆ ಇನ್ನೊಂದು ಮುಖ ಇದೆ. ಗೂಟದಿಂದಲೋ, ಈಗ ನಿಂತ ಜಾಗದಿಂದಲೋ? ಜಿ90 ಅಂದರೆ ಗೂಟದಿಂದ. ಜಿ91 ಅಂದರೆ ನಿಂತಲ್ಲಿಂದ. ಇದು ನಿಮಗೆ ಗೊತ್ತಿರುತ್ತದೆ. ಆದರೆ ಹೋಮಿಗೆ ಕಳಿಸುವ ಬ್ಲಾಕ್ (ಪ್ರೋಗ್ರಾಮಿನ ಒಂದು ಸಾಲು) ನೋಡಿ: ‘ಜಿ91 ಜಿ28 ಝಡ್0’. ಜಿ28ಕ್ಕೆ ಕೊಡುವ ಅಂಕಿ ಹೋಮಿನ ಜಾಗವಲ್ಲ, ದಾರಿಯಲ್ಲಿ ಮೊದಲು ಮುಟ್ಟಬೇಕಾದ ಜಾಗ. ಜಿ91 ಇದ್ದಾಗ ಝಡ್0 ಅಂದರೆ ನಿಂತಲ್ಲಿಂದ ಸೊನ್ನೆ ದೂರ, ಅಂದರೆ ನೇರ ಮೇಲಕ್ಕೆ ಹೋಗು ಅಂತ. ಅದೇ ಬ್ಲಾಕಿನಲ್ಲಿ ಜಿ91 ಬದಲು ಜಿ90 ಇದ್ದರೆ? ಝಡ್0 ಈಗ ಗೂಟದ ಸೊನ್ನೆ. ಟೂಲು ಮೊದಲು ರ್‍ಯಾಪಿಡ್‌ನಲ್ಲಿ ಅಲ್ಲಿಗೆ ಇಳಿಯುತ್ತದೆ, ಆಮೇಲೆ ಮೇಲೇರುತ್ತದೆ. ಕೆಳಗೆ ಕ್ಲ್ಯಾಂಪ್ ಇದ್ದರೆ ಕಥೆ ಮುಗಿಯಿತು. ಇನ್ನು ಜಿ91 ಹಾಕಿ ಹೋಮಿಗೆ ಕಳಿಸಿ, ಮತ್ತೆ ಜಿ90 ಹಾಕುವುದನ್ನು ಮರೆತರೆ ಮುಂದಿನ ಎಕ್ಸ್, ವೈ ಎಲ್ಲ ನಿಂತಲ್ಲಿಂದ ಲೆಕ್ಕ ಆಗುತ್ತವೆ. ನಾನು ‘ಜಿ90 ಜಿ53 ಜಿ00 ಝಡ್0’ ಬರೆಯುತ್ತೇನೆ. ಜಿ53 ಅಂದರೆ ಬಾಂದು ಕಲ್ಲಿನಿಂದ ಲೆಕ್ಕ ಹಾಕು ಅಂತ. ಅದು ಆ ಒಂದು ಬ್ಲಾಕಿಗೆ ಮಾತ್ರ ಅನ್ವಯ. ಮುಂದಿನ ಬ್ಲಾಕಿನಲ್ಲಿ ತಾನಾಗಿ ಜಿ54ಕ್ಕೆ ವಾಪಸ್.

ದಿಕ್ಕಿನ ಬಗ್ಗೆ ಒಂದೇ ಮಾತು. ಟೇಬಲ್ ಓಡಾಡುವ ಮಷೀನಿನಲ್ಲಿ ಎಕ್ಸ್ ಪ್ಲಸ್ ಒತ್ತಿದರೆ ಟೇಬಲ್ ಎಡಕ್ಕೆ ಹೋಗುತ್ತದೆ. ಗಾಬರಿ ಬೇಡ. ಜಾಬ್ ನಿಂತಿದೆ, ಟೂಲು ಓಡಾಡುತ್ತಿದೆ ಅಂತ ಭಾವಿಸಿ ಬರೆಯುವುದು ರೂಢಿ. ಐಎಸ್‌ಒ 841 ಹೇಳುವುದೂ ಅದನ್ನೇ.

ಈಗ ಅಳತೆಗೆ ಬರೋಣ. ನಿಮ್ಮ ಟೂಲು ವೈಸಿಗೆ ಇಳಿದ ಕಾರಣ ಇಲ್ಲೇ ಇದೆ.

ಮೊದಲು ಚುಕ್ಕೆ. ಫ್ಯಾನುಕ್‌ನಲ್ಲಿ ಒಂದು ಪ್ಯಾರಾಮೀಟರ್ ಇದೆ. ಅದು ಹೇಗಿದೆ ಅನ್ನುವುದರ ಮೇಲೆ ‘ಎಕ್ಸ್50’ ಅಂದರೆ 50 ಮಿ.ಮೀ. ಆಗಬಹುದು, ಅಥವಾ 50 ಮೈಕ್ರಾನ್, ಅಂದರೆ 0.050 ಮಿ.ಮೀ. ಆಗಬಹುದು. ಚುಕ್ಕೆ ಹಾಕಿ ‘ಎಕ್ಸ್50.’ ಅಂತ ಬರೆದರೆ ಎರಡರಲ್ಲೂ 50 ಮಿ.ಮೀ. ಸೀಮೆನ್ಸ್, ಹೈಡೆನ್‌ಹೈನ್ ಕಂಟ್ರೋಲುಗಳಲ್ಲಿ ಕಲಿತು ಬಂದವರಿಗೆ ಚುಕ್ಕೆಯ ಅಭ್ಯಾಸ ಇರುವುದಿಲ್ಲ, ಅಲ್ಲಿ 50 ಅಂದರೆ 50ಯೇ. ಅವರು ಇಲ್ಲಿ ಬಂದು ‘ಜಿ00 ಝಡ್5’ ಬರೆದರೆ ಏನಾಗುತ್ತದೆ ಯೋಚಿಸಿ. ಜಾಬಿನಿಂದ 5 ಮಿ.ಮೀ. ಮೇಲೆ ನಿಲ್ಲಬೇಕಾದ ಟೂಲು 5 ಮೈಕ್ರಾನ್ ಮೇಲೆ ನಿಲ್ಲುತ್ತದೆ. ನಮ್ಮ ತಲೆಗೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಹಾಗೇ ಪಕ್ಕಕ್ಕೆ ರ್‍ಯಾಪಿಡ್ ಹೋದರೆ ಮೇಲ್ಮೈಯನ್ನು ಗೀರಿಕೊಂಡೇ ಹೋಗುತ್ತದೆ. ಅದಕ್ಕೇ ಮೇಲೆ ‘ಎಕ್ಸ್-5.’ ಬರೆದಾಗ ಚುಕ್ಕೆ ಹಾಕಿದ್ದು. ಎಲ್ಲ ಕಡೆ ಚುಕ್ಕೆ ಹಾಕಿ. ಸೊನ್ನೆಗೆ ಮಾತ್ರ ಬೇಕಿಲ್ಲ.

ಆಮೇಲೆ ಜಿ20 ಮತ್ತು ಜಿ21. ಜಿ20 ಇಂಚು, ಜಿ21 ಮಿಲಿಮೀಟರ್. ಜನ ಇದನ್ನು ಎಕ್ಸ್ ವೈ ಝಡ್‌ಗೆ ಮಾತ್ರ ಸಂಬಂಧಪಟ್ಟದ್ದು ಅಂದುಕೊಳ್ಳುತ್ತಾರೆ. ಹಾಗಲ್ಲ. ಫೀಡ್ ಕೂಡ ಬದಲಾಗುತ್ತದೆ. ಡ್ರಿಲ್ಲಿಗೆ ‘ಎಫ್100.’ ಕೊಟ್ಟಿದ್ದೀರಿ. ಜಿ21ರಲ್ಲಿ ಅದು ನಿಮಿಷಕ್ಕೆ 100 ಮಿ.ಮೀ. ಜಿ20ರಲ್ಲಿ ನಿಮಿಷಕ್ಕೆ 100 ಇಂಚು, ಅಂದರೆ 2540 ಮಿ.ಮೀ. ಡ್ರಿಲ್ ಉಳಿಯುವುದಿಲ್ಲ. ಹ್ಯಾಂಡ್‌ವೀಲ್ ಕೂಡ ಬದಲಾಗುತ್ತದೆ. 100ರ ಸ್ಥಾನದಲ್ಲಿ ಒಂದು ಕ್ಲಿಕ್ಕಿಗೆ 0.1 ಮಿ.ಮೀ. ಹೋಗುತ್ತಿದ್ದುದು ಇಂಚಿನಲ್ಲಿ 0.01 ಇಂಚು, ಅಂದರೆ 0.254 ಮಿ.ಮೀ. ಹೋಗುತ್ತದೆ. ನಿಮ್ಮ ಕೈಗೆ ಇರುವ ಅಂದಾಜು ಆಗ ನಡೆಯುವುದಿಲ್ಲ. ಇನ್ನೊಂದು ವಿಷಯ. ಫ್ಯಾನುಕ್‌ನಲ್ಲಿ ಮಷೀನ್ ಆಫ್ ಮಾಡಿ ಆನ್ ಮಾಡಿದರೆ ಇಂಚು ಮಿಲಿಮೀಟರ್‌ಗೆ ಮರಳುವುದಿಲ್ಲ. ಆಫ್ ಮಾಡುವಾಗ ಯಾವುದಿತ್ತೋ ಅದೇ ಇರುತ್ತದೆ.

ಇವೆಲ್ಲಕ್ಕಿಂತ ದೊಡ್ಡದು ಟೂಲಿನ ಉದ್ದ, ವ್ಯಾಸ ಬರೆದಿಡುವ ಟೂಲ್ ಆಫ್‌ಸೆಟ್. ಫ್ಯಾನುಕ್‌ನಲ್ಲಿ ಇದಕ್ಕೂ ಒಂದು ಪ್ಯಾರಾಮೀಟರ್ ಬಿಟ್ ಇದೆ. ಅದು 1 ಇದ್ದರೆ, ಜಿ20 ಜಿ21 ಬದಲಾದಾಗ ಟೂಲ್ ಆಫ್‌ಸೆಟ್‌ಗಳನ್ನು ಕಂಟ್ರೋಲೇ 25.4ರ ಲೆಕ್ಕದಲ್ಲಿ ಪರಿವರ್ತಿಸುತ್ತದೆ. ಅದು 0 ಇದ್ದರೆ ಪರಿವರ್ತನೆ ಇಲ್ಲ. ಅಂಕಿಗಳು ಹಾಗೇ ಉಳಿದು ಚುಕ್ಕೆ ಮಾತ್ರ ಒಂದು ಸ್ಥಾನ ಸರಿಯುತ್ತದೆ. ಯಾಕೆಂದರೆ ಮಿಲಿಮೀಟರಿನಲ್ಲಿ ಚುಕ್ಕೆಯ ಆಚೆ ಮೂರು ಅಂಕಿ, ಇಂಚಿನಲ್ಲಿ ನಾಲ್ಕು.

ನಿಮ್ಮ ಶಾಪಿನಲ್ಲಿ ಆಗಿದ್ದು ಹೀಗಿರಬೇಕು. ಒಂದು ಟೂಲಿನ ಉದ್ದ 125.400 ಮಿ.ಮೀ. ಅಂತ ಇತ್ತು ಅಂದುಕೊಳ್ಳಿ. ಸೀನಿಯರ್ ಜಿ20 ಹಾಕಿದರು. ಅದು 12.5400 ಇಂಚು ಅಂತ ಕಂಡಿತು. ಟೂಲು ಇಷ್ಟು ಉದ್ದ ಇಲ್ಲವಲ್ಲ ಅಂತ ಅವರು ಮತ್ತೆ ಟಚ್ ಮಾಡಿದರು. 4.9370 ಇಂಚು ಬಂತು. ಅದು ಸರಿಯೇ, 4.9370 ಇಂಚು ಅಂದರೆ 125.4 ಮಿ.ಮೀ. ಅವರ ಜಾಬ್ ಚೆನ್ನಾಗಿ ಓಡಿತು. ಮಾರನೇ ದಿನ ನಿಮ್ಮ ಪ್ರೋಗ್ರಾಮ್ ಜಿ21 ಓದಿತು. ಚುಕ್ಕೆ ವಾಪಸ್ ಸರಿಯಿತು. 4.9370 ಈಗ 49.370 ಮಿ.ಮೀ. ಆಯಿತು. ಟೂಲು ನಿಜಕ್ಕೂ 125 ಮಿ.ಮೀ. ಇದೆ, ಕಂಟ್ರೋಲ್ ಅದನ್ನು 49 ಅಂದುಕೊಂಡಿದೆ. ಟೂಲಿನ ಉದ್ದವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಜಿ43 ಬ್ಲಾಕ್ ಬಂದಾಗ ಸ್ಪಿಂಡಲ್ 76 ಮಿ.ಮೀ. ಹೆಚ್ಚಿಗೆ ಕೆಳಗಿಳಿಯಿತು. ಅಲಾರಂ ಬರಲಿಲ್ಲ, ಯಾಕೆಂದರೆ ಆ ಜಾಗ ಟ್ರಾವೆಲ್ ಒಳಗೇ ಇದೆ. ನಿಮ್ಮ ಜಿ21 ತಪ್ಪಲ್ಲ. ಅದು ಪ್ರೋಗ್ರಾಮಿನ ಅಂಕಿಗಳನ್ನು ಸರಿ ಮಾಡಿತು. ಆಫ್‌ಸೆಟ್ ಪುಟದಲ್ಲಿ ಕೂತಿದ್ದ ಇಂಚಿನ ಅಂಕಿಗಳನ್ನು ಸರಿ ಮಾಡುವುದು ಅದರ ಕೆಲಸ ಆಗಿರಲಿಲ್ಲ.

ಹಾಗಾಗಿ ಅಳತೆ ಬದಲಾದ ಮೇಲೆ ಎಲ್ಲ ಟೂಲುಗಳ ಉದ್ದ, ವ್ಯಾಸ, ಜಿ54ರ ಅಂಕಿಗಳು, ಆ 00 ಜಾಗ, ಎಲ್ಲವನ್ನೂ ಕಣ್ಣಾರೆ ನೋಡದೆ ಸ್ಟಾರ್ಟ್ ಒತ್ತಬಾರದು. ಸಂಶಯ ಬಂದ ಟೂಲನ್ನು ಮತ್ತೆ ಟಚ್ ಮಾಡಿ.

ನನ್ನನ್ನು ಕೇಳಿದರೆ, ಮಿಲಿಮೀಟರಿನಲ್ಲಿ ಕೆಲಸ ಮಾಡುವ ಶಾಪಿನಲ್ಲಿ ಮಷೀನನ್ನು ಇಂಚಿಗೆ ತಿರುಗಿಸಲೇಬಾರದು. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾನೂನು 1956ರಲ್ಲೇ ಬಂತು. ಆದರೂ ಅಮೆರಿಕದ ವಿಮಾನದ ಭಾಗಗಳ ಡ್ರಾಯಿಂಗ್ ಇಂಚಿನಲ್ಲೇ ಬರುತ್ತವೆ, ಅದು ನಿಲ್ಲುವುದಿಲ್ಲ. ಡ್ರಾಯಿಂಗ್ ಇಂಚಿನಲ್ಲಿ ಇರಲಿ, ಪ್ರೋಗ್ರಾಮ್ ಮಿಲಿಮೀಟರಿನಲ್ಲಿ ಇರಲಿ. ಕ್ಯಾಮ್ (ಪ್ರೋಗ್ರಾಮ್ ಬರೆದುಕೊಡುವ ಸಾಫ್ಟ್‌ವೇರ್) ಬಳಸಿದರೆ ಔಟ್‌ಪುಟ್ ಮಿಲಿಮೀಟರಿನಲ್ಲಿ ತೆಗೆಯಿರಿ. ಕೈಯಲ್ಲಿ ಬರೆದರೆ 25.4ರಿಂದ ಗುಣಿಸಿ. ಒಂದು ಇಂಚು ಅಂದರೆ ಸರಿಯಾಗಿ 25.4, ಅದರಲ್ಲಿ ಚೂರೂ ಹೆಚ್ಚು ಕಡಿಮೆ ಇಲ್ಲ. 1959ರಿಂದ ಅದೇ ಒಪ್ಪಂದ. ಒಂದು ಥೌ, ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ, 25.4 ಮೈಕ್ರಾನ್.

ಗುಣಿಸುವಾಗ ಒಂದು ಎಚ್ಚರ. ಹೋಲುಗಳ ಪಿಚ್ (ಒಂದರಿಂದ ಇನ್ನೊಂದಕ್ಕೆ ಇರುವ ದೂರ) 0.3125 ಇಂಚು ಇದೆ. ಅಂದರೆ 7.9375 ಮಿ.ಮೀ. ಅದನ್ನು 7.94 ಅಂತ ಬರೆದು ಜಿ91ರಲ್ಲಿ 20 ಹೆಜ್ಜೆ ಹಾಕಿದರೆ, ಹೆಜ್ಜೆಗೆ 2.5 ಮೈಕ್ರಾನ್‌ನಂತೆ ಕೊನೆಯ ಹೋಲ್ 0.05 ಮಿ.ಮೀ. ಸರಿದಿರುತ್ತದೆ. ಟಾಲರೆನ್ಸ್ ಎರಡು ಥೌ ಇದ್ದರೆ ಅಷ್ಟೂ ಖಾಲಿ. ಆದ್ದರಿಂದ ಪಿಚ್ ಪರಿವರ್ತಿಸಬೇಡಿ. ಒಂದೊಂದು ಹೋಲೂ ಅಳತೆ ಶುರುವಾಗುವ ಡೇಟಮ್‌ನಿಂದ ಎಷ್ಟು ದೂರ ಅಂತ ಇಂಚಿನಲ್ಲೇ ಕೂಡಿ, ಆಮೇಲೆ ಗುಣಿಸಿ, ಮೂರು ಅಂಕಿಗೆ ನಿಲ್ಲಿಸಿ, ಜಿ90ರಲ್ಲಿ ಬರೆಯಿರಿ. ಆಗ ಒಂದೊಂದು ಹೋಲಿನ ತಪ್ಪು ಅರ್ಧ ಮೈಕ್ರಾನ್ ದಾಟುವುದಿಲ್ಲ.

ಪ್ರೋಗ್ರಾಮಿನ ತಲೆ ಹೀಗಿರಲಿ. ಮೊದಲ ಸಾಲಿನಲ್ಲಿ ‘ಜಿ21’ ಒಂಟಿಯಾಗಿ. ಹಿಂದಿನ ಜಾಬಿನ ಸ್ಥಿತಿಗಳನ್ನು ಅಳಿಸುವ ಎರಡನೇ ಸಾಲು ‘ಜಿ17 ಜಿ40 ಜಿ49 ಜಿ80 ಜಿ90 ಜಿ94’. ಟೂಲ್ ಬದಲಾದ ಮೇಲೆ ಪ್ರತಿ ಸಲ ‘ಜಿ90 ಜಿ54 ಜಿ00 ಎಕ್ಸ್0 ವೈ0’, ಆಮೇಲೆ ‘ಜಿ43 ಎಚ್1 ಝಡ್100.’. ಜಿ54 ತಾನಾಗೇ ಇರುತ್ತದಲ್ಲ ಅನ್ನಬೇಡಿ. ಮಧ್ಯದಲ್ಲಿ ನಿಲ್ಲಿಸಿ ಮೂರನೇ ಟೂಲಿನಿಂದ ಶುರು ಮಾಡುವ ದಿನ ಬಂದೇ ಬರುತ್ತದೆ. ಆ ದಿನ ಹಿಂದಿನ ಜಾಬಿನ ಜಿ55 ಇನ್ನೂ ಉಳಿದಿದ್ದರೆ ಟೂಲು ಪಕ್ಕದ ವೈಸಿಗೆ ಹೋಗುತ್ತದೆ.

ಆ ‘ಝಡ್100.’ ಯಾಕೆ ಅಂದರೆ, ನಿಮ್ಮ ಎಲ್ಲ ಅನುಮಾನಕ್ಕೆ ಉತ್ತರ ಅಲ್ಲೇ ಸಿಗುತ್ತದೆ. ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡಿಸುವ ಸ್ವಿಚ್) ಹಾಕಿ. ರ್‍ಯಾಪಿಡ್ ಅನ್ನು ಅತ್ಯಂತ ಕಡಿಮೆಗೆ ಇಳಿಸಿ. ಜಿ43 ಬ್ಲಾಕ್ ಓಡುವಾಗ ಒಂದು ಕಣ್ಣು ಡಿಸ್ಟೆನ್ಸ್ ಟು ಗೋ (ಇನ್ನು ಹೋಗಬೇಕಾದ ದೂರ) ಮೇಲೆ, ಒಂದು ಕಣ್ಣು ಟೂಲಿನ ಮೇಲೆ ಇರಲಿ. ಟೂಲು ಜಾಬನ್ನು ಮುಟ್ಟುವ ಹಾಗೆ ಹತ್ತಿರ ಬಂದಿದೆ, ಪರದೆ ಇನ್ನೂ 60 ಬಾಕಿ ಅನ್ನುತ್ತಿದೆ ಅಂದರೆ ಫೀಡ್ ಹೋಲ್ಡ್ ಒತ್ತಿ. ಬಾಕಿ ಸೊನ್ನೆಯಾಗಿ ನಿಂತ ಮೇಲೆ ಸ್ಪಿಂಡಲ್ ನಿಲ್ಲಿಸಿ, ಬಾಗಿಲು ತೆಗೆದು, ಝಡ್ ಸೊನ್ನೆ ಇಟ್ಟ ಮೇಲ್ಮೈಯಿಂದ ಟೂಲಿನ ತುದಿಗೆ ಸ್ಟೀಲ್ ಸ್ಕೇಲ್ ಹಿಡಿಯಿರಿ. 100 ಮಿ.ಮೀ. ಇರಬೇಕು. ನಿಮ್ಮ ಆ ಟೂಲಿಗೆ ಈ ಪರೀಕ್ಷೆ ಮಾಡಿದ್ದರೆ ಅದು 100 ಮೇಲೆ ನಿಲ್ಲುವ ಬದಲು ಬರೀ 24 ಮಿ.ಮೀ. ಮೇಲೆ ನಿಂತಿರುತ್ತಿತ್ತು. ಸ್ಕೇಲ್ ಬೇಕೇ ಇರಲಿಲ್ಲ, ದೂರದಿಂದಲೇ ಕಾಣುತ್ತಿತ್ತು. ನಾಳೆ ಬೆಳಿಗ್ಗೆ ಜಾಬ್ ಕಟ್ಟುವ ಮೊದಲು ಎಲ್ಲ ಟೂಲುಗಳಿಗೂ ಒಮ್ಮೆ ಹೀಗೆ ಸ್ಕೇಲ್ ಹಿಡಿದು ನೋಡಿ. ಸೀನಿಯರ್ ಟಚ್ ಮಾಡಿದ ಟೂಲುಗಳಲ್ಲಿ ಇನ್ನೂ ಕೆಲವು ಇಂಚಿನ ಅಂಕಿಯಲ್ಲೇ ಉಳಿದಿರಬಹುದು.